ಪುಟ್ಟ ಮಕ್ಕಳೊಂದಿಗೆ ಹಡಗಿನಲ್ಲಿ ಮೊದಲ ದಿನ

ಮುಂಬೈಯಿಂದ ಹೊರಡುವ ವಿಹಾರ ನೌಕೆಗೆ ಟಿಕೆಟ್ ತೆಗೆಸುವಾಗ ನಾನು ಮೊದಲು ವಿಚಾರಿಸಿದ್ದು ಕೋಣೆ ಹಡಗಿನ ಯಾವ ಭಾಗದಲ್ಲಿದೆ ಎಂದು. ಬೆಳಗಾವಿಯಿಂದ ಗೋವಾಕ್ಕೆ ಹೋಗುವಾಗ ಚೋರ್ಲಾ ಘಾಟಿನ ತಿರುವುಗಳಲ್ಲಿ ನಮ್ಮ ಮಗಳಿಗೆ ವಾಂತಿ ತಪ್ಪಿದ್ದಲ್ಲ. ಅಲೆಗೆ ಹಡಗಿನ ಮುಂತುದಿ, ಹಿಂತುದಿಗಳು ಹೆಚ್ಚು ಏರಿಳಿಯುತ್ತವೆ, ಮೇಲಿನ ಅಂತಸ್ತುಗಳು ಹೆಚ್ಚು ತೂಗಾಡುತ್ತವೆ. ಆದ್ದರಿಂದ ನಡುಭಾಗದ ಕೆಳ ಅಂತಸ್ತಿನಲ್ಲಿ, ಬಾಲ್ಕನಿ ಇಲ್ಲದ ಕೋಣೆಯನ್ನೇ ಹಿಡಿದೆವು. ಕುರ್ಚಿ ಕಂಡರೆ ಹತ್ತಿ ನಿಲ್ಲುವ ಮೂರು ವರ್ಷದ ಮಗನಿರುವಾಗ ಬಾಲ್ಕನಿ ನನಗೆ ಬೇಕಾಗಿರಲಿಲ್ಲ.

ಹೊತ್ತಾದರೆ ಹಡಗು ಯಾರಿಗೂ ಕಾಯುವುದಿಲ್ಲ. ಮುಂಬೈ ದಾರಿಯ ಘಾಟಿನಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಸಾಕು, ಬಸ್ಸು ಗಂಟೆಗಟ್ಟಲೆ ತಡ. ಅದಕ್ಕೇ ಹಿಂದಿನ ದಿನವೇ ಮುಂಬೈ ಸೇರಿ ತಂಗಿದೆವು. ರಾತ್ರಿಯಿಡೀ ಕುಲುಕಿದ ಮಕ್ಕಳನ್ನು ನೇರವಾಗಿ ಬಂದರಿನ ಸಾಲಿನಲ್ಲಿ ನಿಲ್ಲಿಸುವುದಕ್ಕಿಂತ ಆ ಖರ್ಚು ಎಷ್ಟೋ ಮೇಲು.

ಬಂದರಿನಲ್ಲಿ ದೊಡ್ಡ ಚೀಲಗಳಿಗೆ ಚೀಟಿ ಕಟ್ಟಿ ಒಯ್ಯುತ್ತಾರೆ. ಅವು ಕೋಣೆಗೆ ಬರುವಾಗ ಸಂಜೆಯೂ ಆಗಬಹುದು. ಅಲ್ಲಿಯವರೆಗಿನ ಸಂಸಾರವೆಲ್ಲ ಕೈಚೀಲದಲ್ಲಿಯೇ ಇರಬೇಕು: ಮಕ್ಕಳಿಗೆ ಇನ್ನೊಂದು ಜೊತೆ ಬಟ್ಟೆ, ವೈದ್ಯರನ್ನು ಕೇಳಿ ತಂದ ವಾಂತಿಯ ಔಷಧ, ಮಗನ ನೀಲಿ ಬಣ್ಣದ ಬಾಲ ಆಧಾರ್. ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲ ಎಂದು ನಿಯಮದಲ್ಲಿಯೇ ಇತ್ತು. ಅತ್ತೆಯವರು ಕಟ್ಟಿಕೊಟ್ಟ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯನ್ನು ಬೆಳಿಗ್ಗೆಯೇ ವಸತಿಗೃಹದಲ್ಲಿ ಮುಗಿಸಿದೆವು.

ಹಡಗು ಹತ್ತಿದ ಮೇಲೆ ಎಲ್ಲರೂ ಊಟದ ಮೇಜು, ಈಜುಕೊಳ ಎಂದು ಓಡಾಡುತ್ತಾರೆ. ನಾವು ಊಟ ಮುಗಿಸಿ, ಮನೆಯಲ್ಲಿ ಮಗ ಮಲಗುವ ಹೊತ್ತಿಗೇ ಅವನನ್ನು ಮಲಗಿಸಿದೆವು. ಡೈಪರ್ ಹಾಕುವ ಮಕ್ಕಳನ್ನು ಕೊಳಕ್ಕೆ ಬಿಡುತ್ತಿರಲಿಲ್ಲವಾದ್ದರಿಂದ ಅವನಿಗೆ ಅಲ್ಲಿ ಕೆಲಸವೂ ಇರಲಿಲ್ಲ. ಯಜಮಾನರು ಅವನ ಬಳಿ ಉಳಿದರು. ನಾನು ಮಗಳೊಂದಿಗೆ ಮೆಟ್ಟಿಲು, ನಮ್ಮ ಅಂತಸ್ತಿನ ಸಂಖ್ಯೆ, ಕೋಣೆಯ ದಾರಿ ಎಲ್ಲವನ್ನೂ ಗುರುತು ಮಾಡಿಕೊಂಡು ಬಂದೆ. ವಾಪಸು ಬರುವಾಗ ಅವಳೇ ಮುಂದೆ ನಡೆದು ದಾರಿ ತೋರಿಸಬೇಕೆಂದು ಹೇಳಿದ್ದೆ. ತೋರಿಸಿದಳು.

ಇಡೀ ದಿನದಲ್ಲಿ ನಾನು ಅತಿ ಮುಖ್ಯವೆಂದು ತಿಳಿದದ್ದು ಸುರಕ್ಷತಾ ಕವಾಯತನ್ನು. ಏಳು ಸಣ್ಣ ಸದ್ದು, ಕೊನೆಗೊಂದು ದೀರ್ಘ ಸದ್ದು: ಅದು ಕೇಳಿದರೆ ಎಲ್ಲರೂ ತಮಗೆ ಗೊತ್ತುಮಾಡಿದ ಜಾಗಕ್ಕೆ ಹೋಗಬೇಕು. ಇದನ್ನು ಉದಾಸೀನ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 2012ರ ಜನವರಿಯಲ್ಲಿ ಇಟಲಿಯ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಅದೇ ದಿನ ಹತ್ತಿದ ನೂರಾರು ಪ್ರಯಾಣಿಕರಿಗೆ ಇನ್ನೂ ಕವಾಯತೇ ಆಗಿರಲಿಲ್ಲ. 24 ಗಂಟೆಯೊಳಗೆ ಮಾಡಿದರೆ ಆಯಿತು ಎಂಬ ನಿಯಮ ಆಗ ಇತ್ತು. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅದು ಕಡ್ಡಾಯ.

ಮಕ್ಕಳ ಅಳತೆಯ ಜೀವರಕ್ಷಕ ಅಂಗಿಯನ್ನು ಸಿಬ್ಬಂದಿಯಿಂದ ಕೇಳಿ ಪಡೆದು ಕೋಣೆಯಲ್ಲಿ ತೊಡಿಸಿ ನೋಡಿದೆ. ಸೊಂಟದ ಪಟ್ಟಿ ಬಿಗಿದು ಹೆಗಲ ಬಳಿ ಹಿಡಿದು ಮೇಲಕ್ಕೆತ್ತಿದರೆ ಅಂಗಿ ಗದ್ದ ದಾಟಿ ಮೇಲೆ ಬರಬಾರದು. ಅಂಗಿಗೆ ಕಟ್ಟಿದ ಸೀಟಿಯನ್ನು ಎಳೆದಾಡುತ್ತಲೇ ಮಗಳು, "ಅವ್ವಾ, ಹಡಗು ಮುಳುಗುತ್ತದೆಯೇ?" ಎಂದು ಕೇಳಿದಳು. "ಶಾಲೆಯಲ್ಲಿ ಬೆಂಕಿಯ ಗಂಟೆ ಹೊಡೆದು ಸಾಲಾಗಿ ಅಂಗಳಕ್ಕೆ ಕರೆದುಕೊಂಡು ಹೋಗುತ್ತಾರಲ್ಲ, ಇದೂ ಹಾಗೆಯೇ" ಎಂದೆ. ಅಷ್ಟರಿಂದ ಅವಳಿಗೆ ಸಮಾಧಾನವಾಯಿತು. ತಮ್ಮನ ಪಟ್ಟಿಯನ್ನೂ ತಾನೇ ಬಿಗಿಯಲು ಹೊರಟಳು.

ಸಂಜೆ ದಡ ಬಿಡುವಾಗ ಮೇಲಿನ ಅಂತಸ್ತಿನಲ್ಲಿ ನಿಂತೆವು. ಕಟಕಟೆಯ ಬಳಿ ಹೆತ್ತವರ ಕೈ ಹಿಡಿದೇ ನಿಲ್ಲಬೇಕು, ಮೆಟ್ಟಿಲಾಗುವ ಯಾವ ಕುರ್ಚಿಯೂ ಹತ್ತಿರ ಇರಕೂಡದು: ಇದು ನಮ್ಮ ಮನೆಯ ಕಟ್ಟುನಿಟ್ಟು. ದಡದ ನೆಟ್‌ವರ್ಕ್ ಸಿಗುವಾಗಲೇ ಅತ್ತೆಯವರಿಗೆ ಫೋನ್ ಮಾಡಿ, ಇನ್ನು ಮುಂದಿನ ಬಂದರಿನಿಂದಲೇ ಮಾತು ಎಂದು ಹೇಳಿ ಮೊಬೈಲ್‌ಗಳನ್ನು ವಿಮಾನದ ಮೋಡ್‌ಗೆ ಹಾಕಿದೆವು. ನಡುಗಡಲಲ್ಲಿ ಮೊಬೈಲ್ ತಾನಾಗಿ ಹಡಗಿನ ಉಪಗ್ರಹ ಜಾಲವನ್ನು ಹಿಡಿದುಕೊಂಡರೆ ಊರಿಗೆ ಬಂದ ಮೇಲೆ ಬರುವ ಬಿಲ್ ಸಣ್ಣದಿರುವುದಿಲ್ಲ.