ಸಿಡಿದ ನಕ್ಷತ್ರದ ವಯಸ್ಸನ್ನು ಅದರ ಗ್ಯಾಲಕ್ಸಿಯಲ್ಲಿ ಓದುವುದು ಹೇಗೆ?

ನಕ್ಷತ್ರವೊಂದು ಸಿಡಿದ ಸುದ್ದಿ ಬಂದಾಗ ಎಲ್ಲರ ಕಣ್ಣೂ ಆ ಬೆಳಕಿನ ಚುಕ್ಕಿಯ ಮೇಲೆಯೇ ಇರುತ್ತದೆ. ನಾನು ಮೊದಲು ನೋಡುವುದು ಅದು ಸಿಡಿದ ಜಾಗವನ್ನು. ಸೂಪರ್‌ನೋವಾದ, ಅಂದರೆ ಹೀಗೆ ಸಿಡಿದ ನಕ್ಷತ್ರದ, ಬೆಳಕು ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ. ಗ್ಯಾಲಕ್ಸಿ ಎಲ್ಲೂ ಹೋಗುವುದಿಲ್ಲ. ಸತ್ತ ನಕ್ಷತ್ರ ಎಷ್ಟು ಕಾಲ ಬಾಳಿತ್ತು ಎಂಬುದರ ಸುಳಿವು ಅದರ ನೆರೆಹೊರೆಯಲ್ಲೇ ಉಳಿದಿರುತ್ತದೆ.

ಇದನ್ನು ಓದಲು ಸ್ವಂತ ದೂರದರ್ಶಕ ಬೇಕಿಲ್ಲ. ಸೂಪರ್‌ನೋವಾಗಳ ಪಟ್ಟಿ, ಆಕಾಶದಲ್ಲಿ ಅವು ಇರುವ ವಿಳಾಸ, ಸ್ಲೋನ್‌ನಂಥ ದೊಡ್ಡ ಸಮೀಕ್ಷೆಗಳ ಬಣ್ಣದ ಚಿತ್ರಗಳು ಎಲ್ಲವೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ಮೊದಲು, ಅದು ಯಾವ ಗ್ಯಾಲಕ್ಸಿಯದು?

ವಿಳಾಸ ಹಾಕಿ ಚಿತ್ರ ತೆರೆಯಿರಿ. ಪಕ್ಕದಲ್ಲೇ ಕಾಣುವ ಗ್ಯಾಲಕ್ಸಿಯೇ ಅದರ ಮನೆ ಅಂತ ಸುಮ್ನೆ ಒಪ್ಪಿಕೊಳ್ಳಬೇಡಿ. ಆ ಪುಟ್ಟ ಗ್ಯಾಲಕ್ಸಿ ತುಂಬಾ ಹಿಂದೆ ಇದ್ದು, ತುಸು ಆಚೆಗಿರುವ ದೊಡ್ಡದೇ ನಿಜವಾದ ಮನೆ ಆಗಿರಬಹುದು. ಚುಕ್ಕಿಯ ದೂರವನ್ನು ಗ್ಯಾಲಕ್ಸಿಯ ಗಾತ್ರಕ್ಕೆ ಹೋಲಿಸಿ ಅಳೆಯಿರಿ. ಅನುಮಾನ ಉಳಿದರೆ ಕೆಂಪು ಪಲ್ಲಟ ನೋಡಿ, ಅಂದರೆ ವಿಶ್ವ ಹಿಗ್ಗುವುದರಿಂದ ದೂರದ ಬೆಳಕಿನ ಗೆರೆಗಳು ಕೆಂಪಿನ ಕಡೆಗೆ ಎಷ್ಟು ಸರಿದಿವೆ ಎಂಬುದನ್ನು. ಜಲಜನಕದ ಕೆಂಪು ಗೆರೆಯ ಮೂಲ ಜಾಗ 6563 ಆಂಗ್‌ಸ್ಟ್ರಾಮ್ (ಬೆಳಕಿನ ಅಲೆಯುದ್ದದ ಅಳತೆ). ಗ್ಯಾಲಕ್ಸಿಯ ರೋಹಿತದಲ್ಲಿ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಅದರ ಬೆಳಕಿನಲ್ಲಿ, ಅದು 6760ರ ಹತ್ತಿರ ಕಂಡರೆ ಪಲ್ಲಟ 0.03. ಸೂಪರ್‌ನೋವಾದ ಪಲ್ಲಟವೂ ಹೆಚ್ಚುಕಡಿಮೆ ಅಷ್ಟೇ ಬಂದರೆ ನಿಮ್ಮ ಗುರುತು ಸರಿ.

ಬಣ್ಣ ನೋಡಿ, ಆಕಾರ ನೋಡಿ

ನೀಲಿ ಸುರುಳಿ ತೋಳುಗಳಿದ್ದರೆ ಅಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. ಮೊಟ್ಟೆಯಂತೆ ನುಣುಪಾಗಿ, ಹಳದಿ-ಕೆಂಪಾಗಿ ಕಂಡರೆ ಅದು ಹಳೇ ನಕ್ಷತ್ರಗಳ ಊರು. ಇದು ಯಾಕೆ ಮುಖ್ಯ ಅಂದರೆ, ದೊಡ್ಡ ನಕ್ಷತ್ರಗಳ ಆಯುಸ್ಸು ಕಡಿಮೆ. ಸೂರ್ಯನ ಆಯುಸ್ಸು ಸುಮಾರು 1000 ಕೋಟಿ ವರ್ಷ. ಸೂರ್ಯನ 8 ಪಟ್ಟು ತೂಗುವ ನಕ್ಷತ್ರ ಬಾಳುವುದು ಕೆಲವೇ ಕೋಟಿ ವರ್ಷ. 20 ಪಟ್ಟು ತೂಗುವುದು 1 ಕೋಟಿ ವರ್ಷದ ಆಸುಪಾಸಿನಲ್ಲೇ ಮುಗಿದುಹೋಗುತ್ತದೆ. ಇಂಥವು ತಿರುಳು ಕುಸಿದು ಸಿಡಿಯುತ್ತವೆ, ಹುಟ್ಟಿದ ಜಾಗದಿಂದ ದೂರ ಹೋಗಲೂ ಅವಕ್ಕೆ ಸಮಯ ಇರುವುದಿಲ್ಲ. ಹೊಸ ನಕ್ಷತ್ರಗಳೇ ಹುಟ್ಟದ ಗ್ಯಾಲಕ್ಸಿಯಲ್ಲಿ ಅವು ಕಾಣುವುದು ತೀರಾ ಅಪರೂಪ.

1ಎ ಬಗೆಯ ಸೂಪರ್‌ನೋವಾ ಬೇರೆಯೇ. ಅಲ್ಲಿ ಸಿಡಿಯುವುದು ಶ್ವೇತಕುಬ್ಜ, ಅಂದರೆ ಸೂರ್ಯನಂಥ ನಕ್ಷತ್ರ ಉರಿದು ಉಳಿದ ತಿರುಳು. ಜೊತೆಗಾರ ನಕ್ಷತ್ರದಿಂದ ದ್ರವ್ಯ ಸೇರಿಯೋ, ಇನ್ನೊಂದು ಶ್ವೇತಕುಬ್ಜದ ಜೊತೆ ಕೂಡಿಯೋ ಅದು ಸಿಡಿಯುತ್ತದೆ. ಇದಕ್ಕೆ ನೂರಾರು ಕೋಟಿ ವರ್ಷ ಕಾಯಬೇಕಾಗಿ ಬರಬಹುದು. ಹಾಗಾಗಿ ಹಳೇ ಗ್ಯಾಲಕ್ಸಿಗಳಲ್ಲೂ ಇವು ಸಿಗುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಹಳೇ ಗ್ಯಾಲಕ್ಸಿ ಅಂದರೆ ಬಹುತೇಕ 1ಎ ಅನ್ನಬಹುದು, ಆದರೆ ನೀಲಿ ಗ್ಯಾಲಕ್ಸಿ ಅಂದ ಮಾತ್ರಕ್ಕೆ ತಿರುಳು ಕುಸಿತ ಅಂತಲ್ಲ. ಎಮ್82 ಎಂಬ ಗ್ಯಾಲಕ್ಸಿಯಲ್ಲಿ ಭರ್ಜರಿಯಾಗಿ ನಕ್ಷತ್ರಗಳು ಹುಟ್ಟುತ್ತಿವೆ. 2014ರಲ್ಲಿ ಅಲ್ಲಿ ಸಿಡಿದದ್ದು 1ಎ! ಕೊನೇ ತೀರ್ಪು ರೋಹಿತದ್ದೇ. ಜಲಜನಕದ ಗೆರೆ ಇದ್ದರೆ 2ನೇ ಬಗೆ, ಅಂದರೆ ತಿರುಳು ಕುಸಿತ. ಜಲಜನಕ ಇಲ್ಲದೆ, 6150 ಆಂಗ್‌ಸ್ಟ್ರಾಮ್ ಹತ್ತಿರ ಸಿಲಿಕಾನಿನ ಆಳವಾದ ತಗ್ಗು ಇದ್ದರೆ 1ಎ.

ಈಗ ಆ ಗ್ಯಾಲಕ್ಸಿಯೊಳಗೆ ಹೋಗಿ

ನನಗೆ ತುಂಬಾ ಇಷ್ಟವಾದ ಹೆಜ್ಜೆ ಇದು. ಅಭ್ಯಾಸಕ್ಕೆ ಎಮ್101 ತೆಗೆದುಕೊಳ್ಳಿ. ಸುಮಾರು 2 ಕೋಟಿ 10 ಲಕ್ಷ ಜ್ಯೋತಿರ್ವರ್ಷ ದೂರದ, ನಮಗೆ ಮುಖ ಮಾಡಿ ನಿಂತ ಚೆಂದದ ಸುರುಳಿ ಅದು. 2011ರ ಆಗಸ್ಟ್‌ನಲ್ಲಿ ಅಲ್ಲಿ 1ಎ ಬಗೆಯ 2011ಎಫ್‌ಇ ಸಿಡಿಯಿತು. 2023ರ ಮೇ ತಿಂಗಳಲ್ಲಿ ಜಪಾನಿನ ಹವ್ಯಾಸಿ ವೀಕ್ಷಕ ಕೊಯಿಚಿ ಇಟಗಾಕಿ ಅಲ್ಲೇ 2ನೇ ಬಗೆಯ 2023ಐಎಕ್ಸ್‌ಎಫ್ ಅನ್ನು ಕಂಡುಹಿಡಿದರು. ಎರಡರ ವಿಳಾಸವನ್ನೂ ಒಂದೇ ಚಿತ್ರದ ಮೇಲೆ ಗುರುತು ಮಾಡಿ.

2023ರದ್ದು ಎನ್‌ಜಿಸಿ 5461 ಎಂಬ ದೊಡ್ಡ ಹೊಳೆಯುವ ಅನಿಲ ಮೋಡದ ಹತ್ತಿರವೇ ಬೀಳುತ್ತದೆ. ಎಳೇ ನಕ್ಷತ್ರಗಳ ತೊಟ್ಟಿಲು ಅದು. ಹಬಲ್ ಮತ್ತು ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕಗಳು ತೆಗೆದಿಟ್ಟಿದ್ದ ಹಳೇ ಚಿತ್ರಗಳನ್ನು ಹುಡುಕಿದಾಗ ಅದೇ ಜಾಗದಲ್ಲಿ ದೂಳು ಮುಸುಕಿದ ಕೆಂಪು ಮಹಾದೈತ್ಯವೊಂದು, ಅಂದರೆ ಕೊನೆಗಾಲದಲ್ಲಿ ಉಬ್ಬಿದ ಭಾರದ ನಕ್ಷತ್ರ, ಸಿಕ್ಕಿತು. 2011ರದ್ದರ ಜಾಗದಲ್ಲಿ ಹಬಲ್‌ನ ಹಳೇ ಚಿತ್ರಗಳು ಏನನ್ನೂ ತೋರಿಸಲಿಲ್ಲ. ಶ್ವೇತಕುಬ್ಜ ಅಷ್ಟು ಮಂಕು. ಜೊತೆಗಾರ ಹೊಳೆಯುವ ಕೆಂಪು ದೈತ್ಯ ಆಗಿದ್ದರೆ ಕಾಣಲೇಬೇಕಿತ್ತು, ಅಲ್ವಾ? ಕಾಣಲಿಲ್ಲ, ಆದ್ದರಿಂದ ಆ ಸಾಧ್ಯತೆಯನ್ನು ಬಿಟ್ಟುಬಿಟ್ಟರು. ಏನೂ ಇಲ್ಲದ ಚಿತ್ರವೂ ಸಾಕ್ಷಿಯಾಯಿತು.

ಗ್ಯಾಲಕ್ಸಿಯ ತೂಕವನ್ನೂ ಬರೆದುಕೊಳ್ಳಿ

ಪುಟ್ಟ ಗ್ಯಾಲಕ್ಸಿಗಳಲ್ಲಿ ಆಮ್ಲಜನಕ, ಕಬ್ಬಿಣದಂಥ ಭಾರದ ಮೂಲವಸ್ತುಗಳು ಸಾಮಾನ್ಯವಾಗಿ ಕಡಿಮೆ. ಮಾಮೂಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಬೆಳಗುವ ಸೂಪರ್‌ನೋವಾಗಳು ಹೆಚ್ಚಾಗಿ ಸಿಗುವುದು ಇಂಥಲ್ಲೇ.

1ಎಗಳ ಬೆಳಕಿನಿಂದ ದೂರ ಅಳೆಯುವಾಗಲೂ ಗ್ಯಾಲಕ್ಸಿಯ ತೂಕ ಬೇಕಾಗುತ್ತದೆ. 1998ರಲ್ಲಿ ವಿಶ್ವದ ವಿಸ್ತರಣೆ ವೇಗ ಪಡೆಯುತ್ತಿದೆ ಅಂತ ತೋರಿಸಿದ್ದು ಇವುಗಳ ಬೆಳಕಿನಿಂದ ಅಳೆದ ದೂರಗಳೇ. ಬೆಳಕು ಇಳಿಯುವ ವೇಗ ಮತ್ತು ಬಣ್ಣಕ್ಕೆ ತಕ್ಕಂತೆ ಲೆಕ್ಕ ಸರಿಮಾಡಿದ ಮೇಲೂ, ಭಾರದ ಗ್ಯಾಲಕ್ಸಿಗಳ 1ಎಗಳು ಹಗುರ ಗ್ಯಾಲಕ್ಸಿಗಳಲ್ಲಿರುವುದಕ್ಕಿಂತ ತುಸು ಹೆಚ್ಚು ಬೆಳಗುತ್ತವೆ ಅಂತ 2010ರ ಹೊತ್ತಿಗೆ ಗೊತ್ತಾಯಿತು. ಕಾರಣ ನಕ್ಷತ್ರದ ವಯಸ್ಸೋ, ದೂಳೋ ಎಂಬ ವಾದ ಇನ್ನೂ ನಡೆದಿದೆ.

ಮುಂದಿನ ಅಭ್ಯಾಸಕ್ಕೆ ಎನ್‌ಜಿಸಿ 6946 ಎಂಬ ಗ್ಯಾಲಕ್ಸಿಯ ಚಿತ್ರ ತೆರೆಯಿರಿ. 1917ರಿಂದ 2017ರವರೆಗೆ ಅದೊಂದರಲ್ಲೇ 10 ಸೂಪರ್‌ನೋವಾಗಳು ಕಂಡಿವೆ. ಹತ್ತನ್ನೂ ಚಿತ್ರದ ಮೇಲೆ ಗುರುತು ಮಾಡಿ, ಎಷ್ಟು ತೋಳುಗಳ ಮೇಲೆ ಕೂರುತ್ತವೆ ಎಣಿಸಿ.