ಮಗಳು ಕಾಲೇಜ್ ಸ್ವಿಮ್ಮಿಂಗ್ ಕೋಚ್‌ಗಳಿಗೆ ಬರೆದಿದ್ದು: ನನ್ನ ಅನುಭವ

ನಾವಿರೋದು ನ್ಯೂಜೆರ್ಸಿಲಿ, ಮಗಳು ಎಂಟು ವರ್ಷದಿಂದ ಕ್ಲಬ್ಬಲ್ಲಿ ಈಜ್ತಾಳೆ, ಬ್ರೆಸ್ಟ್‌ಸ್ಟ್ರೋಕ್ ಅನ್ನೋ ಈಜೋ ಶೈಲಿ ಅವಳದ್ದು. ಕಾಲೇಜ್ ಟೀಮಲ್ಲೂ ಇರ್ಬೇಕು ಅಂತ ತುಂಬಾ ಆಸೆ. ನಮ್ ಕಾಲದಲ್ಲಿ ಸಿಇಟಿ ರ್‍ಯಾಂಕ್ ಬಂದ್ರೆ ಸೀಟು, ಅಷ್ಟೇ ಗೊತ್ತಿದ್ದಿದ್ದು, ಇಲ್ಲಿ ಮಕ್ಕಳೇ ಹೋಗಿ ಕೋಚ್‌ನ ಮಾತಾಡಿಸ್ಬೇಕು ಅನ್ನೋದೇ ನಂಗೆ ಹೊಸದು.

ಮೊದ್ಲು ನಾನೇ ಕೂತು ಹದಿನೈದು ಕಾಲೇಜಿಗೆ ಉದ್ದುದ್ದ ಮೇಲ್ ಬರೆದೆ, ಬೆಳಗ್ಗೆ ನಾಲ್ಕೂವರೆಗೆ ಏಳ್ತಾಳೆ, ಎಷ್ಟು ಶಿಸ್ತು, ಮಾರ್ಕ್ಸ್ ಹೇಗಿದೆ ಅಂತೆಲ್ಲಾ. ಒಬ್ರೂ ಉತ್ತರ ಕೊಡ್ಲಿಲ್ಲ, ಬೇಜಾರಾಯ್ತು. ಆಮೇಲೆ ಗೊತ್ತಾಯ್ತು, ಅವಳಾಗ ಒಂಬತ್ತನೇ ಕ್ಲಾಸು, ಡಿವಿಷನ್ 1, ಅಂದ್ರೆ ಕಾಲೇಜ್ ಕ್ರೀಡೆಯ ಮೇಲಿನ ಹಂತದ, ಸ್ವಿಮ್ಮಿಂಗ್ ಕೋಚ್‌ಗಳು ಹತ್ತನೇ ಕ್ಲಾಸ್ ಮುಗಿದ್ಮೇಲೆ ಬರೋ ಜೂನ್ 15ರ ತನಕ ಟೀಮಿಗೆ ತಗೊಳ್ಳೋ ಮಾತು ಎತ್ತೋ ಹಾಗೇ ಇಲ್ಲ, ಕಾಲೇಜ್ ಕ್ರೀಡೆ ನಡೆಸೋ ಸಂಸ್ಥೆ ಎನ್‌ಸಿಎಎ ರೂಲು. ಅದಕ್ಕಿಂತ ದೊಡ್ಡ ತಪ್ಪು ಅಂದ್ರೆ ಬರೀಬೇಕಾಗಿದ್ದು ನಾನಲ್ಲ. ಅವಳ ಕ್ಲಬ್ ಕೋಚ್ ನೇರವಾಗಿ ಹೇಳಿದ್ರು, ನಾಲ್ಕು ವರ್ಷ ಆ ಟೀಮಲ್ಲಿ ಇರೋಳು ಅವಳು, ಅವಳೇ ಮಾತಾಡ್ಲಿ ಬಿಡಿ ಅಂತ.

ಆಗ ಲಿಸ್ಟನ್ನೇ ಬದಲಾಯಿಸಿದ್ವಿ. ಹೆಸರು ನೋಡೋದು ಬಿಟ್ಟು, ಒಂದೊಂದು ಕಾಲೇಜಿನ ಕಾನ್ಫರೆನ್ಸ್ (ತಮ್ಮತಮ್ಮಲ್ಲಿ ಸ್ಪರ್ಧಿಸೋ ಕಾಲೇಜುಗಳ ಗುಂಪು) ಚಾಂಪಿಯನ್‌ಶಿಪ್ ರಿಸಲ್ಟ್ ತೆಗೆದು, 100 ಯಾರ್ಡ್ ಬ್ರೆಸ್ಟ್‌ಸ್ಟ್ರೋಕಲ್ಲಿ ಫೈನಲ್‌ಗೆ ಬಂದ ಕೊನೇ ಹುಡುಗಿ ಟೈಮ್ ಎಷ್ಟು, ನಮ್ಮೋಳದ್ದು ಎಷ್ಟು ಅಂತ ಪಕ್ಕಪಕ್ಕ ಬರ್ಕೊಂಡ್ವಿ. ಒಂದು ಸೆಕೆಂಡ್ ಆಚೀಚೆ ಇದ್ರೆ ಇಟ್ಕೊಂಡ್ವಿ, ಐದು ಸೆಕೆಂಡ್ ದೂರ ಇದ್ರೆ ಬಿಟ್ವಿ, ಎಷ್ಟೇ ದೊಡ್ಡ ಹೆಸರಾದ್ರೂ. ಈ ಒಂದು ಕೆಲ್ಸ ಮಾಡದೆ ಯಾರೂ ಮೇಲ್ ಕಳಿಸ್ಬೇಡಿ. ಉಳಿದಿದ್ದು ಹನ್ನೆರಡು, ಬಹುಪಾಲು ಡಿವಿಷನ್ 3, ಅಂದ್ರೆ ಎನ್‌ಸಿಎಎ ಮೂರನೇ ಹಂತ. ಅಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲ, ಆದ್ರೆ ಓದಿಗೆ ಕೊಡೋದು, ಮನೆ ಆದಾಯ ನೋಡಿ ಕೊಡೋದು ಇರುತ್ತೆ.

ಮೇಲ್ ಅವಳೇ ಬರೆದ್ಲು. ಸಬ್ಜೆಕ್ಟಲ್ಲಿ ಹೆಸರು, ಹೈಸ್ಕೂಲ್ ಮುಗಿಯೋ ವರ್ಷ, ಮೇನ್ ಇವೆಂಟ್ ಟೈಮು. ಒಳಗೆ ಐದಾರು ಸಾಲು: ಆ ಕಾಲೇಜೇ ಯಾಕೆ, ಜಿಪಿಎ (ಮಾರ್ಕ್ಸ್ ಸರಾಸರಿ) ಎಷ್ಟು, ಮುಂದಿನ ಮೀಟ್ (ಈಜು ಸ್ಪರ್ಧೆ) ಯಾವಾಗ, ಜೊತೆಗೆ ಕ್ಲಬ್ ಕೋಚ್ ನಂಬರ್. ಟೀಮ್ ವೆಬ್‌ಸೈಟಲ್ಲಿರೋ ರಿಕ್ರೂಟ್ ಫಾರಂ ಕೂಡ ತುಂಬಿದ್ಲು. ಉತ್ತರ ಬರ್ಲಿಲ್ಲ ಅಂದ್ರೆ ಸುಮ್ನೆ ನೆನಪಿಸ್ತಿರ್ಲಿಲ್ಲ, ಟೈಮ್ ಇಳಿದಾಗ ಹೊಸ ಟೈಮ್ ಹಾಕಿ ಬರೀತಿದ್ಲು, ಹಾಗೆ ಬರೆದಾಗ್ಲೇ ಇಬ್ರು ಫೋನ್ ಮಾಡಿದ್ದು. ಮೊದಲ್ನೇ ಕಾಲ್ ಬಂದಾಗ ನಾನು ಅಡುಗೆಮನೇಲೇ ಇದ್ದೆ, ಒಳಗೆ ಹೋಗ್ಲಿಲ್ಲ, ಕಷ್ಟ ಆಯ್ತು, ಆದ್ರೂ ಹೋಗ್ಲಿಲ್ಲ.

ಈಗ ಹನ್ನೆರಡನೇ ಕ್ಲಾಸಿಗೆ ಮುಂಚಿನ ಬೇಸಿಗೆ. ಒಬ್ಬ ಕೋಚ್ ಅವಳ ಟ್ರಾನ್ಸ್‌ಕ್ರಿಪ್ಟ್ (ಹೈಸ್ಕೂಲ್ ಮಾರ್ಕ್ಸ್ ದಾಖಲೆ) ಕೇಳಿ ಅಡ್ಮಿಷನ್ ಆಫೀಸಿಗೆ ಪ್ರೀ-ರೀಡ್‌ಗೆ ಕೊಟ್ಟಿದ್ದಾರೆ, ಅಂದ್ರೆ ಅಪ್ಲೈ ಮಾಡಿದ್ರೆ ಸಿಗೋ ಸಾಧ್ಯತೆ ಎಷ್ಟು ಅಂತ ಮೊದಲೇ ನೋಡಿ ಹೇಳ್ತಾರೆ, ಸೀಟು ಸಿಕ್ಕಂಗಲ್ಲ. ಕಾಯ್ತಾ ಇದೀವಿ.