ಕೆಸರುಹುಣ್ಣಿಗೆ ಟೀ ಟ್ರೀ ಎಣ್ಣೆ: ಹನಿ ಎಣಿಸಬೇಡಿ, ಅಳೆದು ಬೆರೆಸಿ

ಆಷಾಢದ ಮಳೆ ಹಿಡಿಯಿತೆಂದರೆ ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ದಿನವಿಡೀ ಗಂಬೂಟು ತೊಟ್ಟು ದುಡಿಯುವವರ ಕಾಲ್ಬೆರಳ ಸಂದುಗಳು ಬೆಳ್ಳಗೆ ನೆನೆದು, ಸಿಪ್ಪೆ ಸುಲಿದು, ನವೆಯಾಗತೊಡಗುತ್ತವೆ. ಇದಕ್ಕೆ ಟೀ ಟ್ರೀ ಎಣ್ಣೆ ಒಳ್ಳೆಯದೆಂದು ಯಾರಿಂದಲೋ ಕೇಳಿ, ಸೀಸೆಯಿಂದ ನೇರವಾಗಿ ಸುರಿದುಕೊಂಡು, ಮರುದಿನ ಕಾಲು ಕೆಂಪಗೆ ಊದಿಸಿಕೊಂಡು ಕುಂಟುವವರನ್ನು ಪ್ರತಿ ಮಳೆಗಾಲದಲ್ಲೂ ನೋಡುತ್ತಿದ್ದೇನೆ. ಎಣ್ಣೆಯಲ್ಲಿ ಗುಣವಿಲ್ಲವೆಂದಲ್ಲ, ಅದನ್ನು ಬಳಸುವ ಅಳತೆ ತಪ್ಪುತ್ತಿದೆ.

ಮೊದಲು ಕಾಲನ್ನು ಬೆಳಕಿನಲ್ಲಿ ನೋಡಿ. ಶಿಲೀಂಧ್ರದ ಸೋಂಕು ಸಾಮಾನ್ಯವಾಗಿ ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ ಶುರುವಾಗುತ್ತದೆ. ಕೀವು, ಬಾವು, ಜ್ವರ ಇದ್ದರೆ ಅಥವಾ ಸಕ್ಕರೆ ಕಾಯಿಲೆ ಇದ್ದರೆ ಮನೆಮದ್ದಿನ ಗೊಡವೆಗೆ ಹೋಗದೆ ವೈದ್ಯರಿಗೆ ತೋರಿಸಬೇಕು. ಹೊಟ್ಟೆ, ತೊಡೆಸಂದುಗಳಲ್ಲಿ ಉಂಗುರದಂತೆ ಹಬ್ಬುವ ಹುಳುಕಡ್ಡಿಗೂ ಉಗುರಿಗೂ ಮಕ್ಕಳ ತಲೆಗೂ ಈ ವಿಧಾನ ಹೊಂದುವುದಿಲ್ಲ. ತಲೆಯ ಸೋಂಕಿಗಂತೂ ಹೊಟ್ಟೆಗೆ ತೆಗೆದುಕೊಳ್ಳುವ ಮಾತ್ರೆಯೇ ಬೇಕು. ಬೆನ್ನಿನ ಮೇಲಿನ ಚಿಬ್ಬಿಗೆ ಕೊಬ್ಬರಿ ಎಣ್ಣೆ ತಿಕ್ಕುವವರಿಗೂ ಒಂದು ಮಾತು: ಚಿಬ್ಬು ತರುವ ಮಲಸೀಜಿಯಾ ಎಂಬ ಯೀಸ್ಟ್ ಬದುಕುವುದೇ ಜಿಡ್ಡಿನಿಂದ, ಆದ್ದರಿಂದ ಎಣ್ಣೆ ಹಚ್ಚಿದಷ್ಟೂ ಅದಕ್ಕೆ ಊಟ ಬಡಿಸಿದಂತೆ.

ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೇಳಿ ತರುವ 'ನವೆಯ ಟ್ಯೂಬ್' ಮನೆಯಲ್ಲಿದ್ದರೆ ಅದರ ಹಿಂಬದಿಯನ್ನು ಓದಿ. ಕ್ಲೋಬೆಟಸಾಲ್ ಅಥವಾ ಬೀಟಾಮೆಥಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಅದು ನವೆಯನ್ನು ಎರಡೇ ದಿನದಲ್ಲಿ ಅಡಗಿಸುತ್ತದೆ, ಆದರೆ ಶಿಲೀಂಧ್ರವನ್ನು ಒಳಗೊಳಗೇ ಹಬ್ಬಲು ಬಿಡುತ್ತದೆ. ಅದರ ಮೇಲೆ ಯಾವ ಗಿಡದ ಎಣ್ಣೆ ಹಚ್ಚಿದರೂ ಪ್ರಯೋಜನ ಕಡಿಮೆ.

ಎಣ್ಣೆ ಕೊಳ್ಳುವಾಗ ಲೇಬಲ್ಲಿನಲ್ಲಿ ಮೆಲಲ್ಯೂಕಾ ಆಲ್ಟರ್ನಿಫೋಲಿಯಾ ಎಂಬ ಸಸ್ಯನಾಮ ಇದೆಯೇ ಎಂದು ನೋಡಬೇಕು. ಇದು ಆಸ್ಟ್ರೇಲಿಯದ ಮರ, ನಮ್ಮ ಚಹಾ ಗಿಡಕ್ಕೂ ಇದಕ್ಕೂ ನಂಟಿಲ್ಲ. ಶಿಲೀಂಧ್ರವನ್ನು ಕೊಲ್ಲುವ ಮುಖ್ಯ ಅಂಶ ಟರ್ಪಿನೆನ್-4-ಆಲ್. ಕೋಣೆಯ ಪರಿಮಳಕ್ಕೆಂದು ಮಾರುವ ಅಗ್ಗದ ಸುಗಂಧ ತೈಲಗಳನ್ನು ಚರ್ಮಕ್ಕೆ ತಾಗಿಸಲೇಬಾರದು. ತೆರೆದು ವರ್ಷ ಕಳೆದ ಸೀಸೆಯನ್ನೂ ಎಸೆಯಿರಿ, ಏಕೆಂದರೆ ಗಾಳಿಗೆ ಹಳಸಿದ ಎಣ್ಣೆಯೇ ಹೆಚ್ಚು ಅಲರ್ಜಿ ತರುತ್ತದೆ.

ಹೆಚ್ಚಿನವರು ಎಡವುವುದು ಬೆರಕೆಯಲ್ಲಿ. ಆಸ್ಟ್ರೇಲಿಯದ ವೈದ್ಯರು 1992ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಶೇ 10ರ ಟೀ ಟ್ರೀ ಕ್ರೀಮ್ ನವೆ, ಉರಿಗಳನ್ನು ತಗ್ಗಿಸಿತೇ ಹೊರತು ಶಿಲೀಂಧ್ರವನ್ನು ತೊಲಗಿಸುವುದರಲ್ಲಿ ಔಷಧವಿಲ್ಲದ ಕ್ರೀಮಿಗಿಂತ ಮೇಲಾಗಲಿಲ್ಲ. 2002ರಲ್ಲಿ ಶೇ 25 ಮತ್ತು ಶೇ 50ರ ದ್ರಾವಣಗಳನ್ನು ದಿನಕ್ಕೆರಡು ಬಾರಿ 4 ವಾರ ಹಚ್ಚಿಸಿ ನೋಡಿದಾಗ ಫಲ ಕಂಡಿತು, ಆದರೆ ಎಣ್ಣೆ ಹಚ್ಚಿದವರಲ್ಲಿ ಶೇ 3.8ರಷ್ಟು ಮಂದಿಗೆ ಚರ್ಮ ಉರಿದು ಕೆಂಪಾಯಿತು. ಆದ್ದರಿಂದ ಶೇ 25ನ್ನು ದಾಟುವ ಅಗತ್ಯವಿಲ್ಲವೆಂಬುದು ನನ್ನ ನಿಲುವು.

10 ಮಿ.ಲೀ. ಬೆರಕೆಗೆ 2.5 ಮಿ.ಲೀ. ಟೀ ಟ್ರೀ ಎಣ್ಣೆ, 7.5 ಮಿ.ಲೀ. ಕೊಬ್ಬರಿ ಎಣ್ಣೆ ಸಾಕು. ಒಂದು ಮಿ.ಲೀ.ಗೆ ಇಪ್ಪತ್ತು ಹನಿ ಎಂಬ ಲೆಕ್ಕವನ್ನು ನಂಬಬೇಡಿ, ಸೀಸೆಯ ಬಾಯಿ ಬದಲಾದರೆ ಹನಿಯ ಗಾತ್ರವೂ ಬದಲಾಗುತ್ತದೆ. ಔಷಧ ಅಂಗಡಿಯಿಂದ ಸೂಜಿಯಿಲ್ಲದ 5 ಮಿ.ಲೀ. ಸಿರಿಂಜ್ ತಂದು ಅಳೆಯಿರಿ. ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ತೊಡಕಿದೆ: ಸುಮಾರು 24 ಡಿಗ್ರಿಗಿಂತ ಕೆಳಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದರಿಂದ ಅರೆಗಟ್ಟಿಯಾದದ್ದನ್ನು ಸರಿಯಾಗಿ ಅಳೆಯಲೂ ಬೆರೆಸಲೂ ಆಗುವುದಿಲ್ಲ. ಅದರ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ತಿಳಿಯಾಗಿಸಿ, ಬೆಚ್ಚಗಾಗುವಷ್ಟು ಆರಿದ ಮೇಲೆ ಟೀ ಟ್ರೀ ಎಣ್ಣೆಯನ್ನು ಸೇರಿಸಬೇಕು. ಬೆರೆಸಿದ್ದನ್ನು ಒಲೆಯ ಮೇಲಿಟ್ಟರೆ ಔಷಧದ ಅಂಶ ಆವಿಯಾಗಿ ಹೋಗುತ್ತದೆ. ಪೂರ್ತಿ ಒಣಗಿದ ಕಂದು ಗಾಜಿನ ಸೀಸೆಯಲ್ಲಿ ತುಂಬಿ, ಮುಚ್ಚಳ ಬಿಗಿದು, ಪ್ರತಿಬಾರಿ ಅಲುಗಾಡಿಸಿ ಬಳಸಿ. ಪ್ಲಾಸ್ಟಿಕ್ ಡಬ್ಬಿ ಬೇಡ. ಮಕ್ಕಳ ಕೈಗೆ ಎಟುಕಬಾರದು, ಏಕೆಂದರೆ ಇದನ್ನು ಕುಡಿದರೆ ವಿಷ. ನಾಯಿ ಬೆಕ್ಕುಗಳ ಮೈಗೂ ಹಚ್ಚಬಾರದು.

ಬೆರಕೆಯನ್ನು ಮುಂಗೈ ಒಳಬದಿಗೆ ನಾಣ್ಯದಗಲ ಹಚ್ಚಿ ಎರಡು ದಿನ ಕಾಯಿರಿ. ಒಂದು ಗಂಟೆಯಲ್ಲಿ ಏನೂ ಆಗಲಿಲ್ಲವೆಂದು ಮುಂದುವರಿಯುವುದು ತಪ್ಪು, ಅಲರ್ಜಿ ಎರಡನೆಯ ದಿನ ತಲೆಯೆತ್ತುವುದೂ ಉಂಟು.

ಹಚ್ಚುವುದು ಸುಲಭ: ಕಾಲು ತೊಳೆದು, ಪ್ರತಿ ಬೆರಳ ಸಂದನ್ನೂ ಬೇರೆ ಬಟ್ಟೆಯಿಂದ ಒರೆಸಿ, ಸಂಪೂರ್ಣ ಆರಿದ ಮೇಲೆ ಬೆಳಿಗ್ಗೆ ಮತ್ತು ರಾತ್ರಿ ತೆಳುವಾಗಿ ಸವರಿ. ಸೋಂಕಿನ ಅಂಚಿನಿಂದ ಎರಡು ಬೆರಳಿನಷ್ಟು ಆಚೆಗೂ ಹಚ್ಚಬೇಕು, ಏಕೆಂದರೆ ಶಿಲೀಂಧ್ರ ಮುಂದೊತ್ತುವುದು ಅಂಚಿನಲ್ಲಿ. ಬಿರುಕಿನಿಂದ ರಕ್ತ ಒಸರುತ್ತಿದ್ದರೆ ಹಚ್ಚಬೇಡಿ. ರಾತ್ರಿ ಗಂಬೂಟಿನೊಳಗೆ ಹಳೆಯ ಪತ್ರಿಕೆ ತುರುಕಿ ಬಚ್ಚಲೊಲೆಯಿಂದ ತುಸು ದೂರದಲ್ಲಿಡಿ, ಕಾಲುಚೀಲವನ್ನು ದಿನವೂ ಬದಲಾಯಿಸಿ. ಒದ್ದೆ ಬೂಟಿನಲ್ಲೇ ಕಾಲು ತೂರಿಸುವವರಿಗೆ ಯಾವ ಎಣ್ಣೆಯೂ ಫಲ ಕೊಡದು.

ಮನೆಯ ಹಿತ್ತಲ ಸೊಪ್ಪುಗಳನ್ನು ಬಿಟ್ಟು ದೂರದ ಎಣ್ಣೆಯೇಕೆ ಎಂದು ಕೇಳುವವರಿದ್ದಾರೆ. ಸೀಮೆ ಅಗಸೆಯ ಎಲೆ ಗಜಕರ್ಣಕ್ಕೆ ಹಿಂದಿನಿಂದಲೂ ಬಳಕೆಯಲ್ಲಿದೆ, ಫಿಲಿಪ್ಪೀನ್ಸ್‌ನ ಆರೋಗ್ಯ ಇಲಾಖೆ ಶಿಫಾರಸು ಮಾಡಿದ ಹತ್ತು ಔಷಧ ಸಸ್ಯಗಳಲ್ಲಿ ಅದೂ ಒಂದು. ಆದರೆ ಅರೆದ ಎಲೆಯಲ್ಲಿ ಸತ್ವ ಎಷ್ಟಿದೆಯೆಂದು ಮನೆಯಲ್ಲಿ ಅಳೆಯುವ ಬಗೆಯಿಲ್ಲ, ಜೊತೆಗೆ ಹಸಿ ಸೊಪ್ಪಿನ ಲೇಪ ಬೆರಳ ಸಂದನ್ನು ಇನ್ನಷ್ಟು ತೇವವಾಗಿಸುತ್ತದೆ. ಜಜ್ಜಿದ ಬೆಳ್ಳುಳ್ಳಿಯನ್ನು ಕಟ್ಟಿಕೊಂಡರೆ ಸುಟ್ಟ ಗಾಯವಾಗುತ್ತದೆ. ಲವಂಗದೆಣ್ಣೆಯ ಯೂಜಿನಾಲ್ ಕೂಡ ಚರ್ಮಕ್ಕೆ ಖಾರ.

ಚರ್ಮ ಮಾಮೂಲಾದ ಮೇಲೂ ಎರಡು ವಾರ ಬಿಡದೆ ಹಚ್ಚಿ. ಖರ್ಚು, ಖಾತರಿ ಎರಡನ್ನೂ ತೂಗಿದರೆ ಬರೀ ಕ್ಲೋಟ್ರಿಮಜೋಲ್ ಇರುವ ಮುಲಾಮು ಈ ಎಣ್ಣೆಗಿಂತ ಮೇಲೆಂದು ನಾನು ಹೇಳುತ್ತೇನೆ, ಎಣ್ಣೆಯೇ ಬೇಕೆನ್ನುವವರಿಗಷ್ಟೇ ಮೇಲಿನ ವಿಧಾನ. ನಾಲ್ಕು ವಾರದಲ್ಲಿ ವಾಸಿಯಾಗದಿದ್ದರೆ ಹಾಸನದ ಹಿಮ್ಸ್‌ನಂತಹ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ತೋರಿಸಿ. ಅಲ್ಲಿ ಚರ್ಮದ ಹೊಟ್ಟನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹೋಗುವ ಮುಂಚೆ ಕೆಲವು ದಿನ ಎಣ್ಣೆ, ಮುಲಾಮು ಏನನ್ನೂ ಹಚ್ಚದಿರುವುದು ಮೇಲು. ಇಲ್ಲವಾದರೆ ಸೋಂಕು ಇದ್ದರೂ ಪರೀಕ್ಷೆಯಲ್ಲಿ ಕಾಣಿಸದೆ ಹೋಗಬಹುದು.